ವಕೀಲರ ವರದಿಗಳನ್ನು ತೆಗೆದ ಮೇಲೆ ಕಂಡ ನೆಫ್ರೈಟಿಸ್

"ಬಯಾಪ್ಸಿ ಇಲ್ಲದ ಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್ ಎಂದರೆ ಅರ್ಧ ಊಹೆ. ಊಹೆಗಳನ್ನು ಎಣಿಸಿ ಏನು ಸಾಧಿಸುತ್ತೀರಿ?" ಎಂದು ಹಿರಿಯ ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞ) ಒಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಈಗ ಇದೆ. ಮೂತ್ರಪಿಂಡದ ಸೂಕ್ಷ್ಮನಾಳಗಳ ನಡುವಿನ ಅಂಗಾಂಶಕ್ಕೆ ಬರುವ ಈ ಉರಿಯೂತವನ್ನು ಯಾವ ಔಷಧಗಳು ತರುತ್ತಿರಬಹುದು ಎಂದು ಅಡ್ಡಪರಿಣಾಮದ ವರದಿಗಳನ್ನು ಎಣಿಸಿ ಹುಡುಕುವುದು ನನ್ನ ಕೆಲಸ.

ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಮೂರು ತಿಂಗಳಿಗೊಮ್ಮೆ ಬಿಡುವ ಫೇರ್ಸ್ ಕಡತಗಳು, ಅಂದರೆ ಔಷಧಗಳ ಅಡ್ಡಪರಿಣಾಮದ ವರದಿಗಳು, ಉಚಿತ. ಆದರೂ ಬಾಡಿಗೆಯ ಕ್ಲೌಡ್ ಯಂತ್ರಕ್ಕೆ ನಾಲ್ಕು ತಿಂಗಳಲ್ಲಿ ಸುಮಾರು 30,000 ರೂಪಾಯಿ ಸುರಿದೆ. ಕೊನೆಗೆ ಮನೆಯ ಹಳೆಯ ಕಂಪ್ಯೂಟರಿಗೆ 9,000 ರೂಪಾಯಿಯ ರ್‍ಯಾಮ್ ಹಾಕಿಸಿದ್ದೇ ಸಾಕಾಯಿತು.

ಮೊದಲ ಪೆಟ್ಟು ಹೆಸರಿನದು. 'ಟ್ಯುಬುಲೊಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್' ಎಂದು ಮಾತ್ರ ಹುಡುಕುತ್ತಿದ್ದೆ. ಹಳೆಯ ಕಡತಗಳಲ್ಲಿ ಅದೇ ಕಾಯಿಲೆ 'ನೆಫ್ರೈಟಿಸ್ ಇಂಟರ್‌ಸ್ಟಿಷಿಯಲ್' ಎಂದು ಕುಳಿತಿತ್ತು. ವರ್ಷಗಟ್ಟಲೆಯ ಪ್ರಕರಣಗಳು ಕೈತಪ್ಪಿದ್ದವು.

ಎರಡನೆಯ ಪೆಟ್ಟು ದೊಡ್ಡದು. ಪ್ರಕರಣಗಳು ಸಾಲವೆಂದು ಮೂತ್ರಪಿಂಡ ಹಾನಿಯ ಪದಗಳನ್ನೆಲ್ಲ ಸೇರಿಸಿದೆ. ಎದೆಯುರಿಗೆ ಕೊಡುವ ಒಮೆಪ್ರಜೋಲ್ ಬಳಗ ಆರ್‌ಒಆರ್ (ಬೇರೆ ಔಷಧಗಳಿಗೆ ಹೋಲಿಸಿದರೆ ಒಂದು ಔಷಧದ ಜೊತೆ ಆ ಕಾಯಿಲೆ ಎಷ್ಟು ಹೆಚ್ಚಾಗಿ ವರದಿಯಾಗಿದೆ ಎಂಬ ಅನುಪಾತ) ಪಟ್ಟಿಯ ತುದಿಗೇರಿತು. ಒಂದು ವಾರ ಹಿಗ್ಗಿದೆ. ಆಮೇಲೆ ವರದಿ ಮಾಡಿದವರ ವೃತ್ತಿಯ ಕಾಲಂ ತೆರೆದು ನೋಡಿದರೆ ಸಾಲು ಸಾಲಾಗಿ 'ಎಲ್‌ಡಬ್ಲ್ಯೂ', ಅಂದರೆ ವಕೀಲರು! ಅವು ಪರಿಹಾರದ ದಾವೆಗಳ ಹಿಂದೆ ಬಂದ ವರದಿಗಳು. ಅವನ್ನು ತೆಗೆದು, ಉರಿಯೂತದ ಎರಡು ಪದಗಳನ್ನಷ್ಟೇ ಉಳಿಸಿಕೊಂಡು, ಇಡೀ ದತ್ತಾಂಶದ ಬದಲು ಅದೇ ಎದೆಯುರಿಗೆ ಕೊಡುವ ಫ್ಯಾಮೊಟಿಡಿನ್ ಎದುರು ಹೋಲಿಸಿದೆ. ಅದೇ ಗುಂಪಿನ ರಾನಿಟಿಡಿನ್ ಬಳಸಲಿಲ್ಲ, 2019ರ ನಂತರ ಅದಕ್ಕೂ ದಾವೆಗಳು ಮುತ್ತಿಕೊಂಡವು. ಸಂಖ್ಯೆ ಕುಗ್ಗಿತು, ಸುಳಿವು ಮಾತ್ರ ಅಲುಗಾಡಲಿಲ್ಲ.

ನಕಲು ವರದಿಗಳು ಇನ್ನೊಂದು ತಲೆನೋವು. ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಬ್ಬನೇ ರೋಗಿಯನ್ನು ನಾಲ್ಕು ಜೆನೆರಿಕ್ ಕಂಪನಿಗಳು ನಾಲ್ಕು ಪ್ರಕರಣ ಸಂಖ್ಯೆಗಳಲ್ಲಿ ಕಳಿಸಿರುತ್ತವೆ. ವಯಸ್ಸು, ಲಿಂಗ, ಘಟನೆಯ ದಿನಾಂಕದ ಜೊತೆಗೆ ಇನ್ನೊಂದು ಕಾಲಂ ಹೊಂದಿಸಿ ಇವನ್ನು ಹಿಡಿಯುತ್ತೇನೆ. ಆ ಕಾಲಂ ಯಾವುದೆಂದು ಸದ್ಯಕ್ಕೆ ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲವೇ ಹಿಡಿಯಿತು.

ನಡುವೆ ಈ ಕಾಯಿಲೆಯ ಪಠ್ಯಪುಸ್ತಕದ ಲಕ್ಷಣಗಳಾದ ಜ್ವರ, ದದ್ದು, ಇಯೋಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಏರಿಕೆ ಮೂರೂ ಇರುವ ವರದಿಗಳನ್ನಷ್ಟೇ ಎಣಿಸಿ ನೋಡಿದೆ. ಎರಡು ವಾರ ವ್ಯರ್ಥ. ಮೂರೂ ಒಟ್ಟಿಗೆ ಕಾಣುವುದು ಬಯಾಪ್ಸಿಯಲ್ಲಿ ಖಚಿತವಾದವರಲ್ಲೇ ಹತ್ತರಲ್ಲಿ ಒಬ್ಬರಿಗೆ. ಔಷಧ ಶುರುವಾದ ದಿನದಿಂದ ಎಷ್ಟು ದಿನಕ್ಕೆ ಉರಿಯೂತ ಬಂತೆಂದು ಲೆಕ್ಕ ಹಾಕಲು ಹೋದರೆ, ಅರ್ಧಕ್ಕಿಂತ ಹೆಚ್ಚು ವರದಿಗಳಲ್ಲಿ ಆರಂಭದ ದಿನಾಂಕವೇ ಇರಲಿಲ್ಲ. ಅದನ್ನೂ ಕೈಬಿಟ್ಟೆ.

ನಿಜವಾದ ಪರೀಕ್ಷೆಗೆ 2016ರ ಕೊನೆಯವರೆಗಿನ ಕಡತಗಳನ್ನು ಮಾತ್ರ ಕೊಟ್ಟೆ. ಈ ಉರಿಯೂತ ತರಬಲ್ಲವೆಂದು ಈಗ ಗೊತ್ತಿರುವ ಕ್ಯಾನ್ಸರ್ ಔಷಧಗಳಾದ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಎರಡಕ್ಕೂ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2014ರಲ್ಲಿ. ಎರಡೇ ವರ್ಷದ ವರದಿಗಳಿಂದ ಎರಡೂ ಸ್ಪಷ್ಟವಾಗಿ ಮೇಲೆದ್ದವು. ನೆಗೆಟಿವ್ ಕಂಟ್ರೋಲ್ ಎಂದು, ಅಂದರೆ ಈ ಕಾಯಿಲೆ ತರುವುದಿಲ್ಲವೆಂದು ನಂಬಿ, ಇಟ್ಟಿದ್ದ ಏಳೆಂಟು ಔಷಧಗಳಲ್ಲಿ ಒಂದೂ ತಲೆಯೆತ್ತಲಿಲ್ಲ. ಆ ರಾತ್ರಿ ನಾನು ಮಲಗಲಿಲ್ಲ.

ಆ ಪಟ್ಟಿಯನ್ನು ನೆಫ್ರಾಲಜಿಸ್ಟ್ ಮುಂದಿಟ್ಟೆ. ಹತ್ತು ನಿಮಿಷ ಮಾತಿಲ್ಲದೆ ಓದಿ, "ಮೆಸಲಜೀನ್ ಹಾಕಿ ನೋಡಿದಿರಾ?" ಎಂದರು. ಕರುಳಿನ ಉರಿಯೂತಕ್ಕೆ ಕೊಡುವ ಔಷಧ ಅದು. ಮನೆಗೆ ಬಂದವನೇ ಯಂತ್ರ ಹಚ್ಚಿದೆ.