ರಕ್ತದಿಂದ ಲಿಂಫೋಸೈಟ್, ಮೊನೊಸೈಟ್ ಬೇರ್ಪಡಿಸುವುದು: ನಾವು ಮಾಡುವ ರೀತಿ

ರೋಗನಿರೋಧಕ ವ್ಯವಸ್ಥೆಯ ಸಂಶೋಧನೆಗೆ ಇಳಿದ ವಿದ್ಯಾರ್ಥಿಗೆ ನಾವು ಮೊದಲು ಕಲಿಸುವುದೇ ರಕ್ತದಿಂದ ಲಿಂಫೋಸೈಟ್, ಮೊನೊಸೈಟ್ ಎಂಬ ಬಿಳಿ ರಕ್ತಕಣಗಳನ್ನು ಬೇರ್ಪಡಿಸುವುದನ್ನು. ನಾರ್ವೆಯ ಆರ್ನೆ ಬೋಯುಮ್ 1968ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಬಹುಮಟ್ಟಿಗೆ ಹಾಗೆಯೇ ನಡೆದಿದೆ. ಕೆಲಸ ಕೆಡುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ತಾಪಮಾನ ಮತ್ತು ಅವಸರ.

ಎಥಿಕ್ಸ್ ಕಮಿಟಿಯ ಅನುಮತಿ, ದಾನಿಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹನಿ ರಕ್ತವನ್ನೂ ಮುಟ್ಟುವುದಿಲ್ಲ. ಮುಂದೆ ಪಿಸಿಆರ್ (ಡಿಎನ್ಎಯ ಪ್ರತಿಗಳನ್ನು ಹೆಚ್ಚಿಸುವ ಪರೀಕ್ಷೆ) ಮಾಡುವುದಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುವ ನೇರಳೆ ಮುಚ್ಚಳದ ಟ್ಯೂಬನ್ನೇ ಬಳಸುತ್ತೇವೆ, ಏಕೆಂದರೆ ಅದೇ ಕೆಲಸಕ್ಕೆ ಬಳಸುವ ಹೆಪಾರಿನ್ ಪಿಸಿಆರ್ ಕ್ರಿಯೆಯನ್ನು ತಡೆಯುತ್ತದೆ. ಆಸ್ಪತ್ರೆಯಿಂದ ರಕ್ತ ತರುವಾಗ ಐಸ್ ಬೇಡ. ಬೇಸಿಗೆಯಲ್ಲಿ ಡಬ್ಬಿಯನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡುವುದೂ ಬೇಡ. 6–8 ಗಂಟೆಯೊಳಗೆ ಕೆಲಸ ಶುರುವಾಗಬೇಕು. ಒಂದು ದಿನ ದಾಟಿದ ರಕ್ತದಲ್ಲಿ, ನಮಗೆ ಬೇಡವಾದ ಇನ್ನೊಂದು ಬಗೆಯ ಬಿಳಿಕಣಗಳಾದ ಗ್ರ್ಯಾನುಲೋಸೈಟ್‌ಗಳ ಸಾಂದ್ರತೆ ಬದಲಾಗಿ, ಅವು ನಮಗೆ ಬೇಕಾದ ಪದರಕ್ಕೇ ಬಂದು ಸೇರುತ್ತವೆ.

15 ಮಿಲಿ ರಕ್ತಕ್ಕೆ 15 ಮಿಲಿ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ) ಬೆರೆಸಿ. 50 ಮಿಲಿ ಟ್ಯೂಬಿನಲ್ಲಿ ಮಿಲಿಗೆ 1.077 ಗ್ರಾಂ ಸಾಂದ್ರತೆಯ ಫೈಕಾಲ್ (ಕಣಗಳನ್ನು ಸಾಂದ್ರತೆಯ ಮೇಲೆ ಬೇರ್ಪಡಿಸುವ ದ್ರವ) 15 ಮಿಲಿ ಹಾಕಿಡಿ. ಫ್ರಿಜ್‌ನಿಂದ ತೆಗೆದ ಫೈಕಾಲ್ 18–20 ಡಿಗ್ರಿಗೆ ಬರುವ ತನಕ ಕಾಯಲೇಬೇಕು. ತಣ್ಣಗಿದ್ದರೆ ಕೆಂಪುಕಣಗಳು ಗುಂಪುಗೂಡಿ ಕೆಳಗಿಳಿಯುವುದು ನಿಧಾನವಾಗುತ್ತದೆ. ಬಿಸಿ ಹೆಚ್ಚಾದರೆ ಆ ಗುಂಪುಗಳೊಳಗೆ ಲಿಂಫೋಸೈಟ್‌ಗಳೂ ಸಿಕ್ಕಿಕೊಳ್ಳುತ್ತವೆ. ಎರಡರಲ್ಲೂ ನಷ್ಟ ನಮಗೇ.

ಟ್ಯೂಬನ್ನು ಓರೆಯಾಗಿ ಹಿಡಿದು, ಪಿಪೆಟ್ಟಿನ ತುದಿಯನ್ನು ಗೋಡೆಗೆ ತಾಗಿಸಿ, ರಕ್ತವನ್ನು ಸಣ್ಣಗೆ ಹರಿಯಬಿಡಿ. ಫೈಕಾಲ್ ಮತ್ತು ರಕ್ತದ ನಡುವಿನ ಗೆರೆ ಕತ್ತರಿಸಿದಷ್ಟು ಸ್ಪಷ್ಟವಾಗಿರಬೇಕು. ಕಲಕಿಹೋದರೆ, ಟ್ಯೂಬನ್ನು ವೇಗವಾಗಿ ತಿರುಗಿಸುವ ಯಂತ್ರವಾದ ಸೆಂಟ್ರಿಫ್ಯೂಜ್ ಅದನ್ನು ಸರಿಮಾಡಿಕೊಡುವುದಿಲ್ಲ.

ಸೆಂಟ್ರಿಫ್ಯೂಜ್‌ನಲ್ಲಿ 400 ಜಿ, 30 ನಿಮಿಷ, 20 ಡಿಗ್ರಿ, ಬ್ರೇಕ್ ಆಫ್. ಇಲ್ಲಿ ಜಿ (ಗುರುತ್ವದ ಎಷ್ಟು ಪಟ್ಟು ಬಲ) ಮತ್ತು ನಿಮಿಷಕ್ಕೆ ಎಷ್ಟು ಸುತ್ತು ಎಂಬ ಆರ್‌ಪಿಎಂ ಬೆರೆಸಿಕೊಳ್ಳುವವರು ಬಹಳ. ರೋಟರ್ ತ್ರಿಜ್ಯ 17 ಸೆಂ.ಮೀ. ಇದ್ದರೆ 400 ಜಿ ಅಂದರೆ ಸುಮಾರು 1450 ಆರ್‌ಪಿಎಂ, 10 ಸೆಂ.ಮೀ. ಇದ್ದರೆ ಸುಮಾರು 1890. ಬೇರೆ ಲ್ಯಾಬಿನವರು ಹೇಳಿದ ಆರ್‌ಪಿಎಂ ನಿಮ್ಮ ಯಂತ್ರಕ್ಕೆ ಹೊಂದದು. ಬ್ರೇಕ್ ಹಾಕಿದರೆ ಪದರಗಳು ಸುಳಿಯೆದ್ದು ಬೆರೆಯುತ್ತವೆ.

ಟ್ಯೂಬ್ ಹೊರತೆಗೆದಾಗ ಮೇಲೆ ಹಳದಿ ಪ್ಲಾಸ್ಮಾ, ಅದರಡಿ ನಮಗೆ ಬೇಕಾದ ಕಣಗಳಿರುವ ತೆಳ್ಳನೆ ಮಬ್ಬು ಬಿಳಿ ಪದರ, ಆಮೇಲೆ ತಿಳಿ ಫೈಕಾಲ್, ತಳದಲ್ಲಿ ಕೆಂಪು. ಪ್ಲಾಸ್ಮಾದ ಮೇಲ್ಭಾಗವನ್ನು ಮೊದಲು ತೆಗೆದು, ಬಿಳಿ ಪದರವನ್ನು ಮಾತ್ರ ಸುತ್ತಲೂ ತಿರುಗಿಸುತ್ತಾ ಹೀರಿಕೊಳ್ಳಿ. ಆಸೆಪಟ್ಟು ಆಳಕ್ಕೆ ಹೋದರೆ ಫೈಕಾಲ್ ಜತೆ ಗ್ರ್ಯಾನುಲೋಸೈಟ್‌ಗಳೂ ಬರುತ್ತವೆ. ಧಾರಾಳವಾಗಿ ಪಿಬಿಎಸ್ ಬೆರೆಸಿ 300 ಜಿಯಲ್ಲಿ 10 ನಿಮಿಷ ತೊಳೆಯಿರಿ. ಎರಡನೆಯ ಸಲ 200 ಜಿ ಸಾಕು, ಪ್ಲೇಟ್‌ಲೆಟ್‌ಗಳು ಮೇಲಿನ ದ್ರವದಲ್ಲೇ ಉಳಿದು ಹೋಗುತ್ತವೆ.

ಸತ್ತ ಕಣಗಳಿಗೆ ಮಾತ್ರ ಹತ್ತುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದಾಗ ಆರೋಗ್ಯವಂತರ 1 ಮಿಲಿ ರಕ್ತಕ್ಕೆ 10ರಿಂದ 20 ಲಕ್ಷ ಕಣ ಸಿಗಬೇಕು.

ಕಣಗಳನ್ನು ಘನೀಕರಿಸಿ ಕೂಡಿಡುವುದಿದ್ದರೆ 90 ಭಾಗ ಸೀರಮ್, ಘನೀಕರಿಸುವಾಗ ಕಣಗಳನ್ನು ಕಾಪಾಡುವ 10 ಭಾಗ ಡಿಎಂಎಸ್‌ಒ. ಈ ಮಿಶ್ರಣ ತಣ್ಣಗಿರಲಿ, ಏಕೆಂದರೆ ಡಿಎಂಎಸ್‌ಒ ಕೋಣೆಯ ಬಿಸಿಯಲ್ಲಿ ಕಣಗಳಿಗೆ ವಿಷ. ಸೇರಿಸಿದ ಕೂಡಲೇ ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸುವ ಡಬ್ಬಿಯಲ್ಲಿಟ್ಟು ಮೈನಸ್ 80ಕ್ಕೆ, ಮರುದಿನ ದ್ರವ ಸಾರಜನಕಕ್ಕೆ. ವಯಲ್ ಮೇಲೆ ದಾನಿಯ ಹೆಸರಿನ ಬದಲು ಕೋಡ್, ದಿನಾಂಕ, ಕಣಗಳ ಸಂಖ್ಯೆ ಇರಲಿ. ಸ್ಪಿರಿಟ್ ತಾಗಿದರೆ ಅಳಿಸಿಹೋಗುವ ಪೆನ್ನಿನಲ್ಲಿ ಬರೆಯಬೇಡಿ.