ತೊಗಟೆಯಲ್ಲಿ ಅಡಗಿದ ಪತಂಗವನ್ನು ಹುಡುಕುವುದು ಹೇಗೆ?

ನ್ಯೂಜಿಲೆಂಡಿನಲ್ಲಿ ಇಜಾಥಾ ಪೆರೋನಿಯನೆಲ್ಲಾ ಎಂಬ ಪುಟ್ಟ ಪತಂಗ ಇದೆ. ಬೇರೆ ಯಾವ ದೇಶದಲ್ಲೂ ಇಲ್ಲ. ಹಸಿರು ರೆಕ್ಕೆ, ಮೇಲೆ ಕಪ್ಪು ಗುರುತು. ಕಲ್ಲುಹೂ ಹತ್ತಿದ ಕಾಂಡದ ಮೇಲೆ ಕೂತರೆ ಮುಗಿಯಿತು, ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಅದು ಕಾಸರಗೋಡಿನ ನಮ್ಮ ಬದಿಯಡ್ಕದಲ್ಲಿ ಸಿಗುವುದಿಲ್ಲ, ನಿಜ. ಆದರೆ ಹಾಗೆಯೇ ಅಡಗಿ ಕೂರುವ ಪತಂಗಗಳು ನಮ್ಮ ತೋಟಗಳಲ್ಲೂ ಇವೆ. ಹಳೆಯ ಅಡಕೆ ಮರದ ಮೇಲೆ ಬಿಳಿ-ಹಸಿರು ಮಚ್ಚೆ ಇರುತ್ತದಲ್ಲ, ಅಲ್ಲಿಂದಲೇ ಶುರು ಮಾಡಿ.

ಬೆಳಗ್ಗೆ ಬಿಸಿಲೇರುವ ಮೊದಲು ಹೋಗಿ. ಟಾರ್ಚನ್ನು ನೇರ ಮರಕ್ಕೆ ಹಿಡಿಯಬೇಡಿ, ತಪ್ಪುವುದು ಇಲ್ಲೇ. ಪಕ್ಕದಿಂದ, ಬೆಳಕು ತೊಗಟೆಯನ್ನು ಸವರಿಕೊಂಡು ಹೋಗುವ ಹಾಗೆ ಹಿಡಿದರೆ ರೆಕ್ಕೆಯ ಅಂಚಿನ ನೆರಳು ಬೀಳುತ್ತದೆ. ಬಣ್ಣ ಬಿಡಿ, ಆಕಾರ ನೋಡಿ. ಎಡಕ್ಕೂ ಬಲಕ್ಕೂ ಒಂದೇ ತರ ಇರುವ ಮಚ್ಚೆ ಕಂಡರೆ ಅಲ್ಲೇ ನಿಲ್ಲಿ. ಕಲ್ಲುಹೂ ಹಾಗೆ ಅಳೆದಂತೆ ಬೆಳೆಯುವುದಿಲ್ಲ ಅಲ್ವಾ? ಇಜಾಥಾದ ರೆಕ್ಕೆಯಲ್ಲಿ ಸಣ್ಣ ಸಣ್ಣ ಕುಚ್ಚುಗಳೂ ಎದ್ದಿರುತ್ತವೆ, ಅದಕ್ಕೇ ಅದು ಒರಟು ತೊಗಟೆಯಲ್ಲಿ ಪೂರಾ ಸೇರಿಹೋಗುವುದು.

ರಾತ್ರಿಯಾದರೆ ಇನ್ನೂ ಸುಲಭ. ಅಮಾವಾಸ್ಯೆ ಹತ್ತಿರದ, ಗಾಳಿಯಿಲ್ಲದ, ಸೆಕೆಯ ರಾತ್ರಿ ನೋಡಿ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಎದುರಿಗೆ ಒಂದು ಬಲ್ಬು ಹಾಕಿ. ಹಳದಿ ಬೆಳಕಿಗೆ ಕಡಿಮೆ ಬರುತ್ತವೆ, ಯುವಿ (ನೇರಳಾತೀತ ಬೆಳಕಿನ) ಟ್ಯೂಬಿಗೆ ಜಾಸ್ತಿ. ಹತ್ತಿರ ಸೊಳ್ಳೆಬತ್ತಿ ಬೇಡ. ಜುಲೈ ಕೊನೆಗೆ ನಡೆಯುವ ಪತಂಗ ಸಪ್ತಾಹ ನಮಗೆ ಆಟಿಯ ಮಳೆಯಲ್ಲೇ ಬರುತ್ತದೆ, ಆಗ ಮಾಡಿನ ಕೆಳಗೆ ಕಟ್ಟಿದರೂ ಸಾಕು.

ಹಿಡಿಯಬೇಡಿ, ಬೆರಳಿಗೆ ಪುಡಿ ಅಂಟಿತು ಅಂದರೆ ರೆಕ್ಕೆಯ ಹುರುಪೆಯೇ ಹೋಯಿತು. ಫೋಟೋ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ತಾರೀಕು, ಊರು ಬರೆದು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ.

ಒಂದು ಮಾತು ಮರೆಯಬೇಡಿ: ಬೆಳಕು ಹರಿಯುವ ಮುಂಚೆ ಲೈಟ್ ಆರಿಸಿ, ಪಂಚೆಯನ್ನು ಮೆಲ್ಲಗೆ ಪೊದೆಯ ಹತ್ತಿರ ಕೊಡವಿ. ಮೊದಲ ಸಲ ನಾನು ಹಾಗೇ ಬಿಟ್ಟು ಮಲಗಿದ್ದೆ. ಬೆಳಗ್ಗೆ ಎದ್ದರೆ ಹಕ್ಕಿಗಳು ಎಲ್ಲವನ್ನೂ ತಿಂದು ಬರೀ ರೆಕ್ಕೆ ಉಳಿಸಿದ್ದವು. ಈಗಲೂ ನೆನಪಾದರೆ ಬೇಜಾರಾಗುತ್ತದೆ.

ಮತ್ತೆ, ತೋಟದಲ್ಲಿ ಬಿದ್ದ ಕೊಂಬೆಗಳನ್ನೆಲ್ಲ ಒಲೆಗೆ ಹಾಕಬೇಡಿ. ಇಜಾಥಾದ ಹುಳು ಬೆಳೆಯುವುದು ಸತ್ತ ಮರದೊಳಗೇ. ನಮ್ಮಲ್ಲೂ ಅಂಥ ಕೊಂಬೆಯನ್ನು ನಂಬಿದ ಹುಳುಗಳಿವೆ, ನಾಲ್ಕು ಕೊಂಬೆ ಮೂಲೆಯಲ್ಲಿ ಸುಮ್ನೆ ಬಿದ್ದಿರಲಿ.