ಲಿಸ್ಬನ್ ಪಿಂಚಣಿ: ಮುಚ್ಚಿದ ಕಡತ ತೆರೆಸಿದ ಬಗೆ

ಅರ್ಜಿ ಹಾಕಲು ಇದ್ದ 1990ರ ನವೆಂಬರ್ 1ರ ಗಡುವು ದಾಟಿದ ಮೇಲೆ ಪೋರ್ಚುಗೀಸ್ ಕಾಲದ ಗೋವಾ ನೌಕರರಿಗೆ ಪೋರ್ಚುಗಲ್ ಸರ್ಕಾರ ಕೊಡುವ ಲಿಸ್ಬನ್ ಪಿಂಚಣಿ ಸಿಗುವ ಮಾತೇ ಇಲ್ಲ ಎಂದು ಕಾರವಾರದಲ್ಲೂ ಮಡಗಾಂವದಲ್ಲೂ ಈ ಅರ್ಜಿಗಳ ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು. ಹೊಸ ಅರ್ಜಿಗಾದರೆ ಅದು ನಿಜ. ಗಡುವಿನೊಳಗೇ ಅರ್ಜಿ ಹಾಕಿ, ಪೋರ್ಚುಗಲ್ ಪೌರತ್ವದ ದಾಖಲೆ ಕೊಡಲಾಗದೆ ಕಪಾಟು ಸೇರಿದ ಕಡತಗಳ ಸಂಗತಿ ಬೇರೆ. ನಾನು ಹಿಡಿದದ್ದು ಅವನ್ನು ಮಾತ್ರ. "ಆಗೋ ಹೋಗೋ ಮಾತಲ್ಲ ಮಾರಾಯ್ರೆ" ಎಂದವರೇ ಈಗ ನನ್ನ ಹತ್ತಿರ ಪತ್ರದ ನಮೂನೆ ಕೇಳುತ್ತಿದ್ದಾರೆ.

ಈ ಪಿಂಚಣಿ ಕೊಡುವುದು ಪೋರ್ಚುಗಲ್‌ನ 1978ರ 362ನೇ ಡಿಕ್ರಿ ಎಂಬ ಕಾನೂನು. ಅದು ಕೇಳುವುದು ಇಷ್ಟು: ಕನಿಷ್ಠ ಐದು ವರ್ಷ ಸೇವೆ, ಸಂಬಳದಲ್ಲಿ ನಿವೃತ್ತಿಗೆಂದು ಕಡಿತ. ಮೊದಲು ಹುಡುಕಬೇಕಾದ್ದು ನೇಮಕದ ಆದೇಶವನ್ನಲ್ಲ, 'ಪೌರತ್ವ ಪತ್ರ ಕಳುಹಿಸಿ' ಎಂದು ಲಿಸ್ಬನ್ನಿಂದ ಬಂದ ಹಳೆಯ ಕಾಗದವನ್ನು. ಮನೆಯವರು ಅದನ್ನು ತಿರಸ್ಕಾರ ಎಂದು ತಿಳಿದು ಟ್ರಂಕಿನ ತಳಕ್ಕೆ ತಳ್ಳಿರುತ್ತಾರೆ. ಕಡತದ ನಂಬರು, ಗಡುವಿಗೆ ಹಿಂದಿನ ತಾರೀಖು, ಬಾಕಿ ಇದ್ದದ್ದು ಪೌರತ್ವ ಒಂದೇ ಎನ್ನುವ ಮಾತು, ಮೂರೂ ಆ ಒಂದೇ ಹಾಳೆಯಲ್ಲಿವೆ. ಪೌರತ್ವ ಕೇಳಲು ಬರುವುದಿಲ್ಲ ಎಂದು ಅಲ್ಲಿನ ಆಡಳಿತ ನ್ಯಾಯಾಲಯಗಳು ಹೇಳಿದ ಮೇಲೆ, ಪೌರತ್ವ ಕೇಳಿದ ಆ ಕಾಗದವೇ ನಮ್ಮ ಸಾಕ್ಷಿ. ಬರೀ ಅಂಚೆ ರಸೀದಿ ಹಿಡಿದು ಹೋದ ಕಡತಗಳಲ್ಲಿ ಹೆಚ್ಚಿನವು ಬಿದ್ದುಹೋದವು. ಲಕೋಟೆಯೊಳಗೆ ಏನಿತ್ತು ಎಂಬುದನ್ನು ರಸೀದಿ ಹೇಳುವುದಿಲ್ಲವಲ್ಲ.

ಪತ್ರದ ಮೊದಲ ಸಾಲೇ 'ಇದು ಹೊಸ ಅರ್ಜಿಯಲ್ಲ, ಇಂಥ ನಂಬರಿನ ಕಡತದ ಮುಂದುವರಿಕೆ' ಎಂದಿರಬೇಕು. ಇದನ್ನು ಬಿಟ್ಟರೆ ಗಡುವು ಮೀರಿತು ಎಂಬ ಉತ್ತರ ಬರುತ್ತದೆ, ಹಿಂಬಾಕಿಯೂ ಹೋಗುತ್ತದೆ. ಅದರ ಕೆಳಗೆ ವಿದೇಶಿಯರಿಗೂ ನಾಗರಿಕರಂತೆಯೇ ಹಕ್ಕು ಕೊಡುವ ಪೋರ್ಚುಗಲ್ ಸಂವಿಧಾನದ 15ನೇ ವಿಧಿ, ಪೌರತ್ವ ಕೇಳಬಾರದೆಂದ ತೀರ್ಪುಗಳ ನಂಬರು. ಯಾವ ತೀರ್ಪನ್ನು ಮೊದಲು ಇಡುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ.

ಸೇವಾ ಪ್ರಮಾಣಪತ್ರದಲ್ಲಿ ಎಡವುವವರೇ ಹೆಚ್ಚು. 1965ರ ವಿಲೀನ ನೌಕರರ ಕಾಯ್ದೆಯ ಮೇಲೆ ಭಾರತದ ಸೇವೆಗೆ ಸೇರಿಕೊಂಡವರಿಗೆ ಎರಡೂ ಕಾಲ ಸೇರಿಸಿ ಒಂದೇ ಪತ್ರ ಕೊಡುತ್ತಾರೆ. ಅದನ್ನು ಹಾಗೇ ಕಳಿಸಬೇಡಿ. ಪೋರ್ಚುಗೀಸ್ ಆಳ್ವಿಕೆ ಮುಗಿಯುವ ಹೊತ್ತಿಗೆ, ಅಂದರೆ 1961ರ ಡಿಸೆಂಬರ್ 18ಕ್ಕೆ ಗೆರೆ ಎಳೆದು, ಅದರ ಹಿಂದಿನದ್ದಕ್ಕೆ ಬೇರೆ ಪತ್ರ ಬರೆಸಿ. ಕಡಿತ ಆಗಿತ್ತು ಎನ್ನುವ ಸಾಲು ಇರಲೇಬೇಕು. ದಿನಗೂಲಿಯಲ್ಲಿ ಇಪ್ಪತ್ತು ವರ್ಷ ದುಡಿದವರೂ ಆ ಒಂದು ಸಾಲಿಲ್ಲದೆ ಹೊರಗುಳಿದರು. ಪಿಂಚಣಿ ಲೆಕ್ಕಕ್ಕೆ ಸೇವೆಯ ವರ್ಷಗಳನ್ನು 36ರಿಂದ ಭಾಗಿಸುತ್ತಾರೆ. ಒಂಬತ್ತು ವರ್ಷದವರಿಗೆ ಪೂರ್ಣ ಪಿಂಚಣಿಯ ಕಾಲು ಪಾಲು. ಹಾಗಾಗಿ ಒಂದೊಂದು ವರ್ಷಕ್ಕೂ ಜಗಳ ಮಾಡಿ.

ಇನ್ನು ಹೆಸರಿನ ಗೋಳು. ಪೋರ್ಚುಗೀಸ್ ಗೆಜೆಟ್ಟಿನಲ್ಲಿ ಪ್ರಭು ಎಂಬುದು ಪೊರೊಬೊ, ಕಾಮತ್ ಎಂಬುದು ಕಾಮೋತಿಂ. ಆಧಾರಿನಲ್ಲಿ ಪಾಂಡುರಂಗ ಪ್ರಭು ಇದ್ದರೆ ಅಲ್ಲಿ ಪಾಂಡುರೊಂಗಾ ಪೊರೊಬೊ. 'ಇಬ್ಬರೂ ಒಬ್ಬರೇ' ಎನ್ನುವ ಅಫಿಡವಿಟ್ ಒಂದನ್ನೇ ನಂಬಿದ ಕಡತಗಳು ವಾಪಸಾದವು. ಕೆಲಸಕ್ಕೆ ಬಂದದ್ದು ಸರಪಳಿ: ಪೋರ್ಚುಗೀಸ್ ಗುರುತಿನ ಚೀಟಿ, ಗೋವಾ ನೋಂದಣಿ ಕಚೇರಿಯ ಮದುವೆ ದಾಖಲೆ, ಆಮೇಲೆ ಭಾರತದ ಪಾಸ್‌ಪೋರ್ಟು. ಪ್ರತಿ ಎರಡು ಕಾಗದಗಳ ನಡುವೆ ತಂದೆಯ ಹೆಸರೋ ಹುಟ್ಟಿದ ತಾರೀಖೋ ಒಂದಾದರೂ ತಾಳೆಯಾಗಬೇಕು. ಗಡಿಯೀಚೆ ಮಾಜಾಳಿ, ಸದಾಶಿವಗಡದ ಕಡೆ ಹುಟ್ಟಿದವರ ಜನನ ದಾಖಲೆ ಗೋವಾದಲ್ಲಿ ಸಿಗದು; ಅವರಿಗೆ ಮದುವೆ ದಾಖಲೆಯೇ ಗತಿ.

ಇದರ ನಡುವೆ ಹಳೆಯ ಬೊಲೆಟಿಂ ಓಫಿಸಿಯಾಲ್ (ಅದೇ ಪೋರ್ಚುಗೀಸ್ ಗೆಜೆಟ್) ಸಂಪುಟಗಳಿಂದ ನೇಮಕಗಳನ್ನು ಎತ್ತಿ ಒಂದು ಸೂಚಿ ಮಾಡಲು ಹೊರಟೆ. ಅಂಚೆ, ಸುಂಕ ಇಲಾಖೆಗಳದ್ದು ಮುಗಿಯಿತು, ಪೊಲೀಸರದ್ದು ಅರ್ಧಕ್ಕೇ ನಿಂತಿದೆ. ಆದರೂ ಲಾಭವಾಯಿತು: ಬಡ್ತಿ ತಾರೀಖು ಸಿಕ್ಕಿ ಒಂದೆರಡು ಕಡತಗಳಲ್ಲಿ ವರ್ಷ ಹೆಚ್ಚಾಯಿತು.

ಖರ್ಚು, ನೆನಪಿನಿಂದ ಹೇಳುವುದಾದರೆ: ಅನುವಾದ ಪುಟಕ್ಕೆ ಐನೂರರಿಂದ ಆರುನೂರು ರೂಪಾಯಿ, ಕೊರಿಯರ್ ಎರಡೂವರೆ ಸಾವಿರದ ಆಸುಪಾಸು. ಒಂದು ದೇಶದ ಮೊಹರನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರಲ್ಲಿ ಜಾರಿಗೆ ಬಂದದ್ದರಿಂದ ಮೊಹರಿನ ಓಡಾಟ ಕಡಿಮೆಯಾಗಿದೆ: ನೋಟರಿ, ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆ. ಈ ಅನುಕ್ರಮ ತಪ್ಪಿದರೆ ಮತ್ತೆ ಮೊದಲಿಂದ. ಲಿಸ್ಬನ್ ವಕೀಲರಿಗೆ ಮುಂಗಡ ಕೊಡಬೇಡಿ. ಹಿಂಬಾಕಿಯಲ್ಲಿ ಐದನೇ ಒಂದು ಪಾಲಿಗೆ ಒಪ್ಪುವವರು ಸಿಗುತ್ತಾರೆ. ತಿಂಗಳ ಪಿಂಚಣಿಯಲ್ಲೂ ಪಾಲು ಕೇಳಿದರೆ ಎದ್ದು ಬನ್ನಿ.

ಹಣ ಮಂಜೂರಾದ ಮೇಲೂ ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜಂಟಿ ಖಾತೆ ಕೊಡಬೇಡಿ, ಪಿಂಚಣಿದಾರರ ಒಬ್ಬರದ್ದೇ ಇರಲಿ. ಖಾತೆಯ ಹೆಸರಿನ ಅಕ್ಷರಗಳು ಲಿಸ್ಬನ್ ಕಡತದ ಹೆಸರಿಗೆ ಹೊಂದಲಿ, ಇಲ್ಲದಿದ್ದರೆ ಮೊತ್ತ ವಾಪಸು ಹೋಗುತ್ತದೆ. ಮಧ್ಯದ ಬ್ಯಾಂಕು ಸಲಕ್ಕೆ ಹದಿನೈದು ಯೂರೋದಷ್ಟು ಮುರಿದುಕೊಳ್ಳುತ್ತದೆ, ಸಣ್ಣ ಪಿಂಚಣಿಗೆ ಅದೇ ದೊಡ್ಡ ಹೊಡೆತ. ಜೀವಿತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೇಳುವ ಮೊದಲೇ ಕಳಿಸಿ, ಒಂದು ಪ್ರತಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಅರ್ಜಿದಾರರು ತೀರಿಹೋಗಿದ್ದರೆ ಅವರ ಹಿಂಬಾಕಿಗೂ ವಿಧವೆಯ ಪಿಂಚಣಿಗೂ ಬೇರೆ ಬೇರೆ ಪತ್ರ ಹಾಕಿ.